ಕುಂಡದ ತೋಟ: ಹೀರೆ ಹೂ ಅರಳುವ ಹೊತ್ತು

ಕುಂಡಗಳಲ್ಲಿ ತರಕಾರಿ ಬೆಳೆಯುವುದನ್ನು ಕುರಿತು ಕಳೆದ ಸಂಚಿಕೆಯಲ್ಲಿ ಬರೆದ ಮೇಲೆ ಹಾಸನ ಮತ್ತು ಚಿಕ್ಕಮಗಳೂರು ಜಿಲ್ಲೆಗಳಿಂದ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ದೂರನ್ನು ಬೇರೆ ಬೇರೆ ಮಾತಿನಲ್ಲಿ ಹೇಳಿದ್ದವು: ಗಿಡ ಸೊಂಪಾಗಿದೆ, ಹೂವೂ ಬಿಟ್ಟಿದೆ, ಕಾಯಿ ಮಾತ್ರ ನಿಲ್ಲುತ್ತಿಲ್ಲ. ಅವುಗಳಲ್ಲಿ ಆರು ಪ್ರಶ್ನೆಗಳನ್ನು ಆಯ್ದು ಇಲ್ಲಿ ಉತ್ತರಿಸಿದ್ದೇನೆ.

ಪ್ರಶ್ನೆ: ನಮ್ಮ ತಾರಸಿಯ ಮೇಲೆ ದೊಡ್ಡ ಕುಂಡಗಳಲ್ಲಿ ಹೀರೆ ಮತ್ತು ಸೌತೆ ಬಳ್ಳಿಗಳನ್ನು ಹಬ್ಬಿಸಿದ್ದೇನೆ. ಸೌತೆ ಚೆನ್ನಾಗಿಯೇ ಬಿಡುತ್ತಿದೆ. ಹೀರೆಯಲ್ಲಿ ಮಾತ್ರ ಬೆರಳುದ್ದದ ಹೀಚುಗಳು ಹಳದಿಯಾಗಿ ಉದುರುತ್ತಿವೆ. ಜೇನು ಬರಲೆಂದು ಪಕ್ಕದಲ್ಲಿಯೇ ಆರು ಕುಂಡ ಚೆಂಡು ಹೂವನ್ನೂ ಇಟ್ಟಿದ್ದೇನೆ. ಅಂಗಡಿಯವರು ಹಾರ್ಮೋನ್ ಸಿಂಪಡಿಸಿ ಎನ್ನುತ್ತಾರೆ. ಏನು ಮಾಡಲಿ?
— ಗೃಹಿಣಿಯೊಬ್ಬರು, ಹಾಸನ

ಉತ್ತರ: ಹಾರ್ಮೋನ್ ಬೇಡ. ಉತ್ತರದ ಸುಳಿವು ನಿಮ್ಮ ಪತ್ರದಲ್ಲಿಯೇ ಇದೆ. ಒಂದೇ ತಾರಸಿ, ಒಂದೇ ಮಣ್ಣು, ಒಂದೇ ಕೈಯ ಆರೈಕೆಯಲ್ಲಿ ಸೌತೆ ಕಾಯಿ ಕಟ್ಟುತ್ತಿದ್ದು ಹೀರೆ ಕಟ್ಟುತ್ತಿಲ್ಲವೆಂದರೆ, ಅವೆರಡರ ನಡುವೆ ಬೇರೆಯಾಗಿರುವುದು ಹೂ ಅರಳುವ ಹೊತ್ತು. ಸೌತೆಯ ಹೂ ಬೆಳಗಿನ ಜಾವ ಅರಳಿ ಜೇನುಗಳು ಮೇವಿಗೆ ಹೊರಡುವ ವೇಳೆಗೆ ಸಿದ್ಧವಾಗಿರುತ್ತದೆ. ಹೀರೆಯ ಹೂ ಅರಳುವುದು ಸಂಜೆ ಐದರಿಂದ ಎಂಟು ಗಂಟೆಯ ನಡುವೆ, ಅಂದರೆ ಜೇನುಗಳು ಗೂಡಿಗೆ ಮರಳುವ ಹೊತ್ತಿನಲ್ಲಿ. ಮರುದಿನ ಬಿಸಿಲೇರುವಷ್ಟರಲ್ಲಿ ಅದು ಬಾಡಿರುತ್ತದೆ. ಸೋರೆ ಮತ್ತು ಪಡವಲವೂ ಇದೇ ಗುಂಪಿಗೆ ಸೇರಿದವು. ಅವುಗಳ ಹೂ ಬಿಳಿಯಾಗಿರುವುದು ಮಬ್ಬುಗತ್ತಲೆಯಲ್ಲಿ ಹಾರುವ ಪತಂಗಗಳಿಗೆ ಕಾಣಿಸಲಿ ಎಂದೇ. ತುಪ್ಪದ ಹೀರೆ ಮಾತ್ರ ಹೀರೆಯ ಹತ್ತಿರದ ಸಂಬಂಧಿಯಾಗಿದ್ದರೂ ಬೆಳಗ್ಗೆಯೇ ಅರಳುತ್ತದೆ. ಈ ವ್ಯತ್ಯಾಸವನ್ನು ನನ್ನ ಕಣ್ಣಿನಿಂದಲೇ ಕಂಡು ಮನದಟ್ಟು ಮಾಡಿಕೊಳ್ಳಲು ನನಗೆ ಎರಡು ಹಂಗಾಮುಗಳು ಬೇಕಾದವು; ಆದ್ದರಿಂದಲೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಇಂದು ಸಂಜೆ ಆರು ಗಂಟೆಗೆ ಬಳ್ಳಿಯ ಬಳಿ ಹೋಗಿ ನೋಡಿರಿ. ಗಂಡು ಹೂಗಳು ಒಂದು ಉದ್ದನೆಯ ತೊಟ್ಟಿನ ತುದಿಯಲ್ಲಿ ಗೊಂಚಲಾಗಿರುತ್ತವೆ, ದಿನಕ್ಕೆ ಒಂದೋ ಎರಡೋ ಅರಳುತ್ತವೆ. ಹೆಣ್ಣು ಹೂ ಒಂಟಿಯಾಗಿರುತ್ತದೆ, ಅದರ ಬುಡದಲ್ಲಿ ಏಣುಗಳು ಮೂಡಿದ ಪುಟ್ಟ ಹೀರೆಕಾಯಿಯೇ ಇರುತ್ತದೆ. ಆ ಪುಟ್ಟ ಕಾಯಿಯನ್ನು ಕಂಡು ಕಾಯಿ ಕಟ್ಟಿತೆಂದು ನಾವು ಸಂತೋಷಪಡುತ್ತೇವೆ, ಆದರೆ ಪರಾಗ ಸೇರುವ ಮೊದಲೇ ಅದು ಅಲ್ಲಿರುತ್ತದೆ. ಪರಾಗ ಸೇರದಿದ್ದರೆ ಮೂರು ನಾಲ್ಕು ದಿನಗಳಲ್ಲಿ ತುದಿಯಿಂದ ಹಳದಿಯಾಗುತ್ತಾ ಬಂದು ಉದುರುತ್ತದೆ. ಆಗತಾನೆ ಅರಳಿದ ಗಂಡು ಹೂವೊಂದನ್ನು ಕಿತ್ತು, ಎಸಳುಗಳನ್ನು ಹಿಂದಕ್ಕೆ ಮಡಚಿ ಅಥವಾ ತೆಗೆದುಹಾಕಿ, ನಡುವೆ ಉಳಿಯುವ ಹಳದಿ ಪುಡಿಯ ಭಾಗವನ್ನು ಹೆಣ್ಣು ಹೂವಿನ ನಡುವಿನ ಅಂಟಂಟಾದ ಭಾಗಕ್ಕೆ ಸುತ್ತಲೂ ಮೆಲ್ಲಗೆ ತಾಗಿಸಿರಿ. ಒಂದು ಗಂಡು ಹೂವಿನಿಂದ ಎರಡು ಮೂರು ಹೆಣ್ಣು ಹೂಗಳಿಗೆ ಸಾಕಾಗುತ್ತದೆ. ಹೀಚಿನ ತೊಟ್ಟು ದಪ್ಪವಾಗಿ, ತುದಿ ಹಸಿರಾಗಿಯೇ ಉಳಿದು ಅದು ಕೆಳಮುಖವಾಗಿ ಬೆಳೆಯತೊಡಗಿದರೆ ಕೆಲಸ ಕೈಗೂಡಿತೆಂದು ತಿಳಿಯಬಹುದು. ಉದುರಿದ ಹೀಚಿನ ಮೇಲೆ ಸೂಜಿ ಚುಚ್ಚಿದಂತಹ ಗುರುತು, ಅದರಿಂದ ಒಸರಿದ ಅಂಟಿನ ಹನಿ, ಸೀಳಿದರೆ ಒಳಗೆ ಬಿಳಿ ಹುಳುಗಳು ಕಂಡರೆ ಅದು ಹಣ್ಣುನೊಣದ ಕಾಟ. ಅದಕ್ಕೆ ಮದ್ದು ಬೇರೆ: ಕಾಯಿ ಕಟ್ಟಿದ ಕೂಡಲೇ ಕಾಗದದ ಚೀಲ ಹೊದಿಸಿ, ಉದುರಿದ ಕಾಯಿಗಳನ್ನು ಮಣ್ಣಿನ ಮೇಲೆ ಬಿಡದೆ ಆರಿಸಿ ನಾಶಮಾಡಬೇಕು.

ಇನ್ನು ಚೆಂಡು ಹೂವಿನ ವಿಚಾರ. ಹಾರಕ್ಕೆ ಬಳಸುವ, ಎಸಳು ತುಂಬಿದ ದಪ್ಪ ಚೆಂಡು ಹೂವಿನಲ್ಲಿ ಪರಾಗವೂ ಮಕರಂದವೂ ಇರುವ ನಡುವಿನ ಸಣ್ಣ ಹೂಗಳು ಹೆಚ್ಚಿನ ಮಟ್ಟಿಗೆ ಎಸಳುಗಳಾಗಿ ಮಾರ್ಪಟ್ಟಿರುತ್ತವೆ, ಉಳಿದದ್ದು ಎಸಳುಗಳ ಅಡಿಯಲ್ಲಿ ಮುಚ್ಚಿಹೋಗಿರುತ್ತದೆ. ಜೇನಿಗೆ ಅಲ್ಲಿ ಸಿಗುವುದು ಬಹಳ ಕಡಿಮೆ. ಸುತ್ತ ಒಂದೇ ಸುತ್ತಿನ ಎಸಳಿದ್ದು ನಡುವೆ ಹಳದಿ ಗದ್ದುಗೆ ಕಾಣುವ ಹೂವನ್ನು ಆರಿಸಬೇಕು. ಒಂಟಿ ಎಸಳಿನ ಚೆಂಡು ಹೂ, ಕಾಸ್ಮಾಸ್, ಜಿನಿಯಾ, ಸೂರ್ಯಕಾಂತಿ ಇಂಥವು. ನಮ್ಮ ಮನೆಗಳಲ್ಲಿ ಪ್ರೀತಿಯಿಂದ ಬೆಳೆಸುವ ಡೇರೆ ಹೂವಿಗೂ ಇದೇ ಮಾತು ಅನ್ವಯಿಸುತ್ತದೆ: ತಟ್ಟೆಯಗಲದ ಡೇರೆ ನೋಡುವ ಕಣ್ಣಿಗೆ ಹಬ್ಬ, ಜೇನಿಗೆ ಬೇಕಾದದ್ದು ಒಂಟಿ ಸುತ್ತಿನ ಸಣ್ಣ ಡೇರೆ. ಇವುಗಳ ಜೊತೆಗೆ ಕಾಮಕಸ್ತೂರಿ ಮತ್ತು ತುಳಸಿಯ ತೆನೆಗಳನ್ನು ಚಿವುಟದೆ ಒಂದೆರಡು ಗಿಡಗಳಲ್ಲಾದರೂ ಹೂಬಿಡಲು ಬಿಟ್ಟರೆ ತುಡುವೆ ಜೇನೂ ಮಿಸರಿ ಜೇನೂ ದಿನವಿಡೀ ಬರುತ್ತವೆ. ಜೇನು ಒಂದು ಸಲ ಮೇವಿಗೆ ಹೊರಟರೆ ಸಾಮಾನ್ಯವಾಗಿ ಒಂದೇ ಬಗೆಯ ಹೂಗಳನ್ನು ಅರಸಿ ಹೋಗುವುದರಿಂದ, ಹತ್ತು ಬಗೆಯ ಗಿಡಗಳನ್ನು ಒಂದೊಂದರಂತೆ ಚದುರಿಸಿಡುವುದಕ್ಕಿಂತ ಒಂದೇ ಬಗೆಯ ಮೂರು ನಾಲ್ಕು ಕುಂಡಗಳನ್ನು ಒತ್ತಟ್ಟಿಗೆ ಇಡುವುದು ಹೆಚ್ಚು ಫಲ ಕೊಡುತ್ತದೆ. ಹೀರೆ ಮತ್ತು ಸೋರೆಗೆಂದು ಒಂದು ಕುಂಡದಲ್ಲಿ ಸಂಜೆಮಲ್ಲಿಗೆಯನ್ನು ನೆಡಿರಿ. ಅದೂ ಸಂಜೆಯೇ ಅರಳಿ ಪತಂಗಗಳನ್ನು ಕರೆಯುತ್ತದೆ. ತಾರಸಿಯ ದೀಪವನ್ನು ಆ ಹೊತ್ತಿನಲ್ಲಿ ಆರಿಸಿಡುವುದು ಒಳ್ಳೆಯದು, ಏಕೆಂದರೆ ದೀಪ ಉರಿಯುತ್ತಿದ್ದರೆ ಪತಂಗಗಳು ಹೂವನ್ನು ಬಿಟ್ಟು ಅದರ ಸುತ್ತ ಸುತ್ತತೊಡಗುತ್ತವೆ.

ಪ್ರಶ್ನೆ: ನನ್ನ ಬಳಿ ಟೊಮೆಟೊ ಮತ್ತು ಬದನೆಯ ಹನ್ನೆರಡು ಕುಂಡಗಳಿವೆ. ಹೂ ಉದುರುವುದು ಹೆಚ್ಚಾಗಿದೆ. ತಾರಸಿಯಲ್ಲಿ ಒಂದು ಜೇನುಪೆಟ್ಟಿಗೆ ಇಟ್ಟರೆ ಸರಿಹೋಗುತ್ತದೆಯೇ?
— ನಿವೃತ್ತ ಶಿಕ್ಷಕರೊಬ್ಬರು, ಚಿಕ್ಕಮಗಳೂರು

ಉತ್ತರ: ಜೇನು ಸಾಕುವ ಆಸೆ ನಿಮಗಿದ್ದರೆ ಪೆಟ್ಟಿಗೆ ಇಡಬಹುದು, ಆದರೆ ಈ ಎರಡು ಗಿಡಗಳ ಸಲುವಾಗಿ ಇಡಬೇಕಾಗಿಲ್ಲ. ಟೊಮೆಟೊ ಮತ್ತು ಬದನೆಯ ಹೂಗಳಲ್ಲಿ ಮಕರಂದವಿಲ್ಲ, ಪರಾಗವೂ ಹೊರಗೆ ಹರಡಿಕೊಂಡಿರುವುದಿಲ್ಲ. ಅದು ಹಳದಿ ಕೊಳವೆಯಂತಿರುವ ಕೋಶಗಳ ಒಳಗಿದ್ದು, ಕಂಪನವಾದಾಗ ಮಾತ್ರ ಉಪ್ಪಿನ ಡಬ್ಬಿಯಿಂದ ಉಪ್ಪು ಉದುರುವಂತೆ ಉದುರುತ್ತದೆ. ತುಡುವೆ ಜೇನಿಗಾಗಲಿ ಹೆಜ್ಜೇನಿಗಾಗಲಿ ಹೂವನ್ನು ಹಾಗೆ ನಡುಗಿಸುವ ವಿದ್ಯೆ ಗೊತ್ತಿಲ್ಲ. ಅದು ಗೊತ್ತಿರುವುದು ಕರಿ ದುಂಬಿಗೆ ಮತ್ತು ಹೊಟ್ಟೆಯ ಮೇಲೆ ನೀಲಿ ಪಟ್ಟಿಗಳಿರುವ ಒಂಟಿ ಜೇನಿಗೆ. ಬೆಳಗ್ಗೆ ಎಂಟು ಗಂಟೆಯ ಸುಮಾರಿಗೆ ಬದನೆಯ ಗಿಡದ ಬಳಿ ಸದ್ದಿಲ್ಲದೆ ಕುಳಿತರೆ ನೀವೇ ನೋಡಬಹುದು: ದುಂಬಿ ಬಂದು ಹೂವಿಗೆ ಕೆಳಗಿನಿಂದ ಜೋತುಬಿದ್ದು, ಕೋಶಗಳನ್ನು ಕಾಲುಗಳಿಂದ ಬಿಗಿಹಿಡಿದು, ರೆಕ್ಕೆ ಬಡಿಯದೆಯೇ ಮೈಯನ್ನು ಅದುರಿಸುತ್ತದೆ. ಹಾರುವಾಗಿನ ಝೇಂಕಾರಕ್ಕಿಂತ ಆ ಸದ್ದು ತುಸು ಏರುದನಿಯದು, ತುಂಡುತುಂಡಾಗಿ ಕೇಳಿಸುತ್ತದೆ. ಅದು ಹಾರಿಹೋದ ಮೇಲೆ ಅದರ ಹೊಟ್ಟೆಯಡಿ ಹಳದಿ ಪುಡಿ ಮೆತ್ತಿರುವುದು ಕಾಣುತ್ತದೆ.

ಈ ದುಂಬಿ ಒಣಗಿದ ಮರದಲ್ಲಿ, ಬಿದಿರಿನ ಗಳದಲ್ಲಿ ತೂತು ಕೊರೆದು ಗೂಡು ಮಾಡುತ್ತದೆ. ನೀಲಿ ಪಟ್ಟಿಯ ಜೇನು ಮಣ್ಣಿನಲ್ಲಿ, ಹಳೆಯ ಮಣ್ಣುಗೋಡೆಗಳಲ್ಲಿ ಗೂಡು ತೋಡುತ್ತದೆ. ಹೀಗಾಗಿ ಮಳೆ ತಾಗದ ಮೂಲೆಯಲ್ಲಿ ಒಂದಡಿ ಉದ್ದದ ನಾಲ್ಕಾರು ಒಣ ಬಿದಿರಿನ ತುಂಡುಗಳನ್ನು ಅಡ್ಡವಾಗಿ ಕಟ್ಟಿಡುವುದು, ಗಿಡವಿಲ್ಲದ ಒಂದು ಅಗಲ ಕುಂಡದಲ್ಲಿ ಕೆಮ್ಮಣ್ಣನ್ನು ಗಟ್ಟಿಯಾಗಿ ಒತ್ತಿ ಒಣಗಿದಂತೆಯೇ ಬಿಡುವುದು, ಪೆಟ್ಟಿಗೆ ಕೊಳ್ಳುವುದಕ್ಕಿಂತ ನಿಮ್ಮ ಬದನೆಗೆ ಹೆಚ್ಚು ಉಪಕಾರಿ. ಸಂಜೆಗತ್ತಲಲ್ಲಿ ತುಳಸಿಯ ಒಣ ಕಡ್ಡಿಯೊಂದನ್ನು ಬಾಯಿಯಿಂದ ಕಚ್ಚಿ ಹಿಡಿದು ಸಾಲಾಗಿ ನಿದ್ರಿಸುವ ಸಣ್ಣ ಜೇನುಗಳನ್ನು ಕಂಡರೆ ಗಾಬರಿಯಾಗದಿರಿ. ಅವು ಈ ನೀಲಿ ಪಟ್ಟಿಯ ಜಾತಿಯ ಗಂಡುಗಳು, ಗಂಡುಗಳಿಗೆ ಮುಳ್ಳು ಇರುವುದಿಲ್ಲ. ಆ ಒಣ ಕಡ್ಡಿಯನ್ನು ಕತ್ತರಿಸದೆ ಬಿಡಿರಿ. ದುಂಬಿಗಳು ನಿಮ್ಮ ತಾರಸಿಯನ್ನು ಕಂಡುಕೊಳ್ಳುವವರೆಗೆ, ಬಿಸಿಲು ಬಂದು ಹೂವಿನ ತೇವ ಆರಿದ ಮೇಲೆ ಟೊಮೆಟೊ ಗೊಂಚಲಿನ ಕಾಂಡವನ್ನು ಬೆರಳಿನಿಂದ ಎರಡು ಮೂರು ಸಲ ಮೀಟಿದರೆ ಸಾಕು. ಟೊಮೆಟೊ ಹೂ ತನ್ನದೇ ಪರಾಗದಿಂದ ಕಾಯಿ ಕಟ್ಟಬಲ್ಲದು.

ಬದನೆಯ ಹೂ ಉದುರುವುದೆಲ್ಲವೂ ರೋಗವಲ್ಲ. ಹೂವಿನ ನಡುವಿನ ಹಸಿರು ಮೊನೆ ಹಳದಿ ಕೋಶಗಳಿಗಿಂತ ಮುಂದೆ ಚಾಚಿಕೊಂಡಿದ್ದರೆ ಆ ಹೂ ಕಾಯಾಗುತ್ತದೆ. ಮೊನೆ ಗಿಡ್ಡವಾಗಿ ಕೋಶಗಳ ಒಳಗೇ ಅಡಗಿದ್ದರೆ ಅದು ಉದುರುವ ಹೂವೇ.

ಪ್ರಶ್ನೆ: ಜಾಗ ಕಡಿಮೆ. ತರಕಾರಿ ಮತ್ತು ಹೂ ಎರಡನ್ನೂ ಒಂದೇ ಕುಂಡದಲ್ಲಿ ಹಾಕಬಹುದೇ? ಎಷ್ಟು ದೊಡ್ಡ ಚೀಲ ಬೇಕು? ಚೆಂಡು ಹೂ ಹಾಕಿದರೆ ಟೊಮೆಟೊಗೆ ಹುಳ ಬರುವುದಿಲ್ಲ ಎನ್ನುವುದು ನಿಜವೇ?
— ಓದುಗರೊಬ್ಬರು, ಬೇಲೂರು

ಉತ್ತರ: ನಮ್ಮ ರಾಗಿ ಹೊಲಗಳಲ್ಲಿ ಹಿರಿಯರು ಹಾಕುತ್ತಿದ್ದ ಅಕ್ಕಡಿ ಸಾಲನ್ನು ನೆನಪಿಸಿಕೊಳ್ಳಿರಿ. ರಾಗಿಯ ನಡುವೆ ಅಂತರ ಬಿಟ್ಟು ಅವರೆ, ಸಾಸಿವೆ, ಹುಚ್ಚೆಳ್ಳುಗಳನ್ನು ಬಿತ್ತುತ್ತಿದ್ದರು. ಸಾಲು ಬೇರೆ, ಹೊಲ ಒಂದೇ. ಕುಂಡದಲ್ಲಿಯೂ ಆ ಕ್ರಮವೇ ಸರಿ: ತರಕಾರಿಗೆ ಒಂದು ಕುಂಡ, ಹೂವಿಗೆ ಒಂದು ಕುಂಡ, ಎರಡೂ ಒಂದು ಮಾರು ದೂರದೊಳಗೆ. ಹನ್ನೆರಡು ಅಂಗುಲ ಅಗಲ, ಹನ್ನೆರಡು ಅಂಗುಲ ಎತ್ತರದ ಗ್ರೋ ಬ್ಯಾಗ್‌ನಲ್ಲಿ ಹಿಡಿಯುವುದು ಸುಮಾರು 22 ಲೀಟರ್ ಮಣ್ಣು. ಅದು ಒಂದು ಟೊಮೆಟೊ ಅಥವಾ ಒಂದು ಬದನೆಯ ಬೇರಿಗೆ ಸಾಕಾಗುವಷ್ಟೇ. ಅದರಲ್ಲಿ ಸೂರ್ಯಕಾಂತಿಯನ್ನೋ ದೊಡ್ಡ ಚೆಂಡು ಹೂವನ್ನೋ ಸೇರಿಸಿದರೆ ಎರಡೂ ಸೊರಗುತ್ತವೆ. ಅಂಚಿನಲ್ಲಿ ಕೊತ್ತಂಬರಿ ಅಥವಾ ಸಬ್ಬಸಿಗೆಯ ನಾಲ್ಕು ಬೀಜ ಹಾಕಿ ಹೂಬಿಡಲು ಬಿಡಬಹುದು, ಅವುಗಳ ಬೇರು ಅಷ್ಟು ತೊಂದರೆ ಕೊಡುವುದಿಲ್ಲ.

ಅಂಥ ಒಂದು ಚೀಲ ನೀರುಂಡಾಗ 25 ರಿಂದ 30 ಕಿಲೋ ತೂಗುತ್ತದೆ. ಆದ್ದರಿಂದ ಹತ್ತು ಹದಿನೈದು ಚೀಲಗಳನ್ನು ತಾರಸಿಯ ನಟ್ಟನಡುವೆ ಒತ್ತಾಗಿ ಇಡದೆ, ಕೆಳಗೆ ಗೋಡೆ ಅಥವಾ ತೊಲೆ ಇರುವ ಅಂಚಿನುದ್ದಕ್ಕೂ ಇಡಿರಿ. ಕೆಮ್ಮಣ್ಣು, ಕೊಟ್ಟಿಗೆ ಗೊಬ್ಬರ, ತೆಂಗಿನ ನಾರಿನ ಪುಡಿ ಸಮಪಾಲು ಬೆರೆಸಿದರೆ ತೂಕವೂ ಇಳಿಯುತ್ತದೆ, ನೀರೂ ನಿಲ್ಲುತ್ತದೆ. ಕಾಫಿ ಸಿಪ್ಪೆ ಸಿಗುವವರು ಅದನ್ನು ಪೂರ್ತಿಯಾಗಿ ಕಳಿತು ಕಪ್ಪು ಪುಡಿಯಾದ ಮೇಲೆ ಮಾತ್ರ ಬಳಸಬೇಕು.

ಚೆಂಡು ಹೂವಿನ ಮಾತು ಅರ್ಧ ನಿಜ. ಅದು ಹುಳವನ್ನು ಓಡಿಸುವುದಿಲ್ಲ, ತನ್ನ ಕಡೆಗೆ ಸೆಳೆದುಕೊಳ್ಳುತ್ತದೆ. ಟೊಮೆಟೊ ಕಾಯಿಕೊರಕದ ಪತಂಗ ಎತ್ತರದ ಚೆಂಡು ಹೂವಿನ ಮೊಗ್ಗುಗಳಲ್ಲಿ ಮೊಟ್ಟೆಯಿಡಲು ಇಷ್ಟಪಡುತ್ತದೆ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯು ಇದನ್ನು ಆಧರಿಸಿಯೇ 16 ಸಾಲು ಟೊಮೆಟೊಗೆ ಒಂದು ಸಾಲು ಚೆಂಡು ಹೂವನ್ನು ಶಿಫಾರಸು ಮಾಡಿತು. ಆ ಶಿಫಾರಸಿನಲ್ಲಿ ಜನ ಮರೆಯುವ ಭಾಗವೊಂದಿದೆ: ನಾಟಿಯ ದಿನ ಟೊಮೆಟೊ ಸಸಿಗೆ 25 ದಿನ, ಚೆಂಡು ಹೂವಿನ ಸಸಿಗೆ 45 ದಿನ ಆಗಿರಬೇಕು, ಆಗ ಎರಡೂ ಒಟ್ಟಿಗೆ ಹೂಬಿಡುತ್ತವೆ. ಹಾಗಾಗಿ ಚೆಂಡು ಹೂವನ್ನು ಇಪ್ಪತ್ತು ದಿನ ಮೊದಲೇ ಬಿತ್ತಿರಿ, ಹೂ ಬಂದ ಮೇಲೆ ಅದರ ಮೊಗ್ಗುಗಳನ್ನು ಬಿಡಿಸಿ ನೋಡಿ ಹುಳುಗಳನ್ನು ಕೈಯಿಂದಲೇ ಆರಿಸಿ ತೆಗೆಯಿರಿ. ಆರಿಸದೆ ಬಿಟ್ಟರೆ ಚೆಂಡು ಹೂವೇ ಹುಳುವಿನ ತೊಟ್ಟಿಲಾಗುತ್ತದೆ.

ಪ್ರಶ್ನೆ: ಅವರೆ ಬಳ್ಳಿಯ ಕುಡಿಗೆ ಕರಿಹೇನು ಮುತ್ತಿತ್ತು. ಅಂಗಡಿಯಲ್ಲಿ ಕೊಟ್ಟ ಔಷಧಿಯನ್ನು ಬೆಳಗ್ಗೆ ಸಿಂಪಡಿಸಿದೆ. ಹೇನು ಹೋಯಿತು, ಆದರೆ ಮಧ್ಯಾಹ್ನ ಹೂಕುಂಡಗಳ ಬಳಿ ಏಳೆಂಟು ಜೇನುಗಳು ಸತ್ತು ಬಿದ್ದಿದ್ದವು. ಮನಸ್ಸಿಗೆ ಬಹಳ ನೋವಾಗಿದೆ.
— ಕಾಲೇಜು ವಿದ್ಯಾರ್ಥಿನಿ, ಹಾಸನ

ಉತ್ತರ: ನಿಮ್ಮ ನೋವು ನನಗೆ ಅರ್ಥವಾಗುತ್ತದೆ, ಮತ್ತು ನೀವು ಇದನ್ನು ಮುಚ್ಚಿಡದೆ ಬರೆದದ್ದರಿಂದ ಇನ್ನೂ ಹಲವರ ತಾರಸಿಯ ಜೇನು ಉಳಿಯುತ್ತದೆ. ಹೂವಿಟ್ಟು ಜೇನನ್ನು ಕರೆದ ಮೇಲೆ ಅಲ್ಲಿ ರಾಸಾಯನಿಕ ಕೀಟನಾಶಕವನ್ನು ಬಳಸಲೇಬಾರದು. ಬೆಳಗಿನ ಹೊತ್ತಿನ ಸಿಂಪಡಣೆ ನೇರವಾಗಿ ಜೇನಿನ ಮೈಗೇ ತಾಗುತ್ತದೆ. ಇಮಿಡಾಕ್ಲೋಪ್ರಿಡ್‌ನಂತಹ, ಗಿಡದ ರಸದೊಳಗೆ ಸೇರುವ ಔಷಧಿಗಳಾದರೆ ಪರಾಗ ಮತ್ತು ಮಕರಂದದಲ್ಲಿಯೂ ಉಳಿಯುತ್ತವೆ. ಸಂಜೆ ಸಿಂಪಡಿಸಿದರೂ ಆ ಅಪಾಯ ತಪ್ಪುವುದಿಲ್ಲ. ಈಗ ಸಿಂಪಡಿಸಿದ ಬಳ್ಳಿಯಲ್ಲಿ ಅರಳಿರುವ ಹೂಗಳನ್ನೆಲ್ಲ ಕಿತ್ತುಬಿಡಿರಿ. ಡಬ್ಬಿಯ ಮೇಲೆ ನಮೂದಿಸಿರುವಷ್ಟು ದಿನ ಕಳೆಯುವವರೆಗೆ ಅವರೆಕಾಯಿಯನ್ನು ಅಡುಗೆಗೆ ಬಳಸಬೇಡಿರಿ.

ಹೇನು ಮತ್ತೆ ಬಂದರೆ ಮೊದಲು ನೀರಿನ ಧಾರೆಯಿಂದ ಕುಡಿಗಳನ್ನು ತೊಳೆಯಿರಿ. ಸಾಲದಿದ್ದರೆ ಒಂದು ಲೀಟರ್ ನೀರಿಗೆ ಐದು ಮಿಲಿಲೀಟರ್ ಬೇವಿನ ಎಣ್ಣೆಯನ್ನು ತುಸು ಸೋಪಿನ ದ್ರಾವಣದೊಂದಿಗೆ ಕದಡಿ, ಜೇನುಗಳು ಮರಳಿದ ನಂತರ, ಸಂಜೆ ಆರೂವರೆಯ ಮೇಲೆ, ಹೂವನ್ನು ಬಿಟ್ಟು ಎಲೆಯ ಅಡಿಗೆ ಮತ್ತು ಕುಡಿಗೆ ಮಾತ್ರ ಸಿಂಪಡಿಸಿರಿ. ಅದಕ್ಕೂ ಮುನ್ನ ಹೇನಿನ ಗುಂಪನ್ನು ಒಮ್ಮೆ ಹತ್ತಿರದಿಂದ ನೋಡಿರಿ. ಅವುಗಳ ನಡುವೆ ಅಕ್ಕಿಕಾಳಿಗಿಂತ ತುಸು ದೊಡ್ಡದಾದ, ಕಾಲಿಲ್ಲದ, ಮಾಸಲು ಹಸಿರಿನ ಹುಳುವೊಂದು ತಲೆಯನ್ನು ಅತ್ತಿತ್ತ ಆಡಿಸುತ್ತಾ ಹೇನೊಂದನ್ನು ಮೇಲೆತ್ತಿ ಹೀರುತ್ತಿರುವುದು ಕಾಣಬಹುದು. ಅದು ಹೂವಿನ ಮೇಲೆ ಗಾಳಿಯಲ್ಲಿ ಒಂದೇ ಕಡೆ ನಿಂತಂತೆ ಹಾರುವ ಹೂನೊಣದ ಮರಿ. ತಾಯಿ ನೊಣಕ್ಕೆ ಬೇಕಾದ ಪರಾಗ ಮತ್ತು ಮಕರಂದ ಕೊತ್ತಂಬರಿ, ಸಬ್ಬಸಿಗೆ, ಸಾಸಿವೆಯಂತಹ ಚಿಕ್ಕ ಹೂಗಳಲ್ಲಿ ಸಿಗುತ್ತದೆ. ಅವರೆಯ ಕುಂಡದ ಪಕ್ಕದಲ್ಲಿ ಹೂಬಿಟ್ಟ ಕೊತ್ತಂಬರಿಯ ಒಂದು ಕುಂಡವಿರಬೇಕೆಂದು ನಾನು ಹೇಳುವುದು ಇದಕ್ಕಾಗಿಯೇ. ಅವರೆ ತನ್ನಷ್ಟಕ್ಕೇ ಕಾಯಿ ಕಟ್ಟಬಲ್ಲದು. ಅಲ್ಲಿ ಹೂವಿನ ಕುಂಡ ಕಾಯಿಗಾಗಿ ಅಲ್ಲ, ಕಾವಲಿಗಾಗಿ.

ಪ್ರಶ್ನೆ: ಮನೆಯಲ್ಲಿ ಚಿಕ್ಕ ಮಕ್ಕಳಿದ್ದಾರೆ. ಹೂ ಬೆಳೆಸಿದರೆ ಜೇನು ಕಚ್ಚುವ ಭಯ.
— ತಾಯಿಯೊಬ್ಬರು, ಚಿಕ್ಕಮಗಳೂರು

ಉತ್ತರ: ಹೂವಿನ ಮೇಲೆ ಮೇಯುತ್ತಿರುವ ಜೇನು, ಕೈಯಲ್ಲಿ ಹಿಡಿದು ಅಮುಕದ ಹೊರತು ಅಥವಾ ಬರಿಗಾಲಿನಲ್ಲಿ ತುಳಿಯದ ಹೊರತು, ಸಾಮಾನ್ಯವಾಗಿ ಕುಟುಕುವುದಿಲ್ಲ. ಅದು ಕುಟುಕುವುದು ಗೂಡನ್ನು ಕಾಯುವಾಗ. ಹೂಕುಂಡಗಳನ್ನು ಮಕ್ಕಳು ಓಡಾಡುವ ದಾರಿಯಿಂದ ಎರಡು ಮೂರು ಅಡಿ ಒಳಗೆ ಇಡಿರಿ, ತಾರಸಿಯಲ್ಲಿ ಚಪ್ಪಲಿ ಹಾಕಿಸಿರಿ. ಕಟ್ಟಡದ ಸಜ್ಜದಡಿ ಹೆಜ್ಜೇನು ಗೂಡು ಕಟ್ಟಿದರೆ ಮಾತ್ರ ಅದರ ಹತ್ತಿರ ಯಾರೂ ಹೋಗಬಾರದು, ಹೊಗೆ ಹಾಕಬಾರದು, ಕಲ್ಲೆಸೆಯಬಾರದು, ಅನುಭವಿಗಳನ್ನು ಕರೆಸಬೇಕು. ಮನೆಯಲ್ಲಿ ಯಾರಿಗಾದರೂ ಜೇನು ಕುಟುಕಿದಾಗ ಮೈಯೆಲ್ಲ ಊದಿಕೊಂಡು ಉಸಿರು ಕಟ್ಟಿದ್ದುಂಟಾದರೆ ವೈದ್ಯರನ್ನು ಕೇಳಿಯೇ ಮುಂದುವರಿಯಿರಿ.

ಪ್ರಶ್ನೆ: ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ. ಜೇನೂ ಇಲ್ಲ, ಬಿಸಿಲೂ ಇಲ್ಲ. ಕುಂಡದ ತೋಟವನ್ನು ನಿಲ್ಲಿಸಬೇಕೇ? ಮಾರ್ಚ್‌ನಲ್ಲಿ ಬಿಸಿಲಿದ್ದರೂ ಕೆಲವು ದಿನ ಜೇನು ಬರಲಿಲ್ಲ, ಏಕೆ?
— ಕಾಫಿ ಬೆಳೆಗಾರರೊಬ್ಬರು, ಮೂಡಿಗೆರೆ

ಉತ್ತರ: ಎರಡನೆಯ ಪ್ರಶ್ನೆಯ ಉತ್ತರ ನಿಮ್ಮ ತೋಟದಲ್ಲಿಯೇ ಇದೆ. ಹೂಮಳೆ ಬಿದ್ದು ಒಂಬತ್ತು ಹತ್ತು ದಿನಕ್ಕೆ ಕಾಫಿ ಹೂ ಒಮ್ಮೆಲೇ ಅರಳಿದಾಗ ಸುತ್ತಲಿನ ಜೇನೆಲ್ಲ ಅಲ್ಲಿಗೆ ಹೋಗುತ್ತದೆ. ರೊಬಸ್ಟಾ ಕಾಯಿ ಕಟ್ಟಲು ಬೇರೆ ಗಿಡದ ಪರಾಗ ಬೇಕಾಗುವುದರಿಂದ ಅದು ನಿಮಗೆ ಲಾಭವೇ. ಆ ಎರಡು ಮೂರು ದಿನ ಸೌತೆ, ಕುಂಬಳಗಳಿಗೆ ಬೆಳಗ್ಗೆ ಒಂಬತ್ತರೊಳಗೆ ಕೈಯಿಂದ ಪರಾಗ ಮುಟ್ಟಿಸಿರಿ.

ಮಳೆಗಾಲದಲ್ಲಿ ತೋಟವನ್ನು ನಿಲ್ಲಿಸುವುದು ಬೇಡ, ಬೆಳೆಯನ್ನು ಬದಲಿಸಿರಿ. ಹರಿವೆ, ಬಸಳೆ, ಕೆಸುವಿಗೆ ಜೇನಿನ ಹಂಗಿಲ್ಲ. ಹುರುಳಿಕಾಯಿಯೂ ಮೆಣಸಿನಕಾಯಿಯೂ ಜೇನಿಲ್ಲದೆ ಕಾಯಿ ಕಟ್ಟುತ್ತವೆ, ಆದರೆ ಸೂರಿನಡಿ ಇಡಬೇಕು. ಕಡ್ಡಿ ನೆಟ್ಟು ಬೆಳೆಸುವ ತೊಂಡೆಗೆ ಪರಾಗವೇ ಬೇಕಾಗಿಲ್ಲ. ಕುಂಡಗಳನ್ನು ಇಟ್ಟಿಗೆಯ ಮೇಲೆ ಎತ್ತಿಟ್ಟು ತಳದ ತೂತುಗಳು ಕಟ್ಟಿಕೊಳ್ಳದಂತೆ ವಾರಕ್ಕೊಮ್ಮೆ ಕಡ್ಡಿಯಾಡಿಸಿರಿ. ಮಲೆನಾಡಿನ ಕುಂಡಗಳಲ್ಲಿ ಗಿಡ ಸಾಯುವುದು ಹೆಚ್ಚಾಗಿ ಬೇರು ಕೊಳೆತು. ಮಳೆಯ ನಡುವೆ ಒಂದೆರಡು ಗಂಟೆ ಹೊಳವಾದಾಗ ಹೊರಬರುವ ಜೇನಿಗೆ ಒಂಟಿ ಸುತ್ತಿನ ಡೇರೆ ಆಸರೆಯಾಗುತ್ತದೆ. ಆಗಸ್ಟ್ ಕೊನೆಗೆ ಎರಡು ಅಗಲ ಕುಂಡಗಳಲ್ಲಿ ಹುಚ್ಚೆಳ್ಳನ್ನು, ಒಂದರಲ್ಲಿ ಕಾಸ್ಮಾಸನ್ನು ಸೂರಿನಡಿ ಬಿತ್ತಿರಿ. ಸೆಪ್ಟೆಂಬರ್ ನಡುವಿನಲ್ಲಿ ಸೌತೆ, ಹಾಗಲ ಬೀಜಗಳನ್ನು ಹಾಕಿದರೆ, ಮಳೆ ಹಿಂದೆ ಸರಿದು ಬಿಸಿಲು ಕಾಣುವ ಅಕ್ಟೋಬರ್ ಕೊನೆಯಲ್ಲಿ ಬಳ್ಳಿಯ ಮೊದಲ ಹೆಣ್ಣು ಹೂ ಅರಳುವಾಗ ಪಕ್ಕದ ಕುಂಡಗಳಲ್ಲಿ ಹಳದಿ ಹುಚ್ಚೆಳ್ಳು ತುಂಬಿರುತ್ತದೆ.